ಕೇಳಿದವನ ಕಿವಿ

ದಸರೆ ಹೊತ್ತಿಗೆ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ, ಕಾರಣಿಕವೆಂಬ ಒಂದೇ ಸಾಲಿನ ಭವಿಷ್ಯವಾಣಿ ನುಡಿದು ಕೆಳಗೆ ಬೀಳುತ್ತಾನೆ. ಅವನ ಕೆಲಸ ಅಲ್ಲಿಗೆ ಮುಗಿಯಿತು, ನಮ್ಮದು ಶುರು. ಅದೇ ಸಾಲು ಹಾನಗಲ್ಲಿನವನಿಗೆ ಭತ್ತದ ಮಳೆಯಾಗಿ ಕೇಳಿಸುತ್ತದೆ, ಸವಣೂರಿನವನಿಗೆ ವೀಳ್ಯದೆಲೆಯ ದರವಾಗಿ, ಹಿರೇಕೆರೂರಿನವನಿಗೆ ಗೋವಿನಜೋಳದ ಫಸಲಾಗಿ. ಶಿಗ್ಗಾವಿಯವರಿಗೆ ಮಾತ್ರ ಚುನಾವಣೆ. ಮುಖ್ಯಮಂತ್ರಿಯೊಬ್ಬರನ್ನು ಆರಿಸಿ ಕಳಿಸಿದ ಕ್ಷೇತ್ರ, ಅಷ್ಟು ಸಲಿಗೆ ಇರಲಿ.

ಹೀಗೆ ತಮಗೆ ಬೇಕಾದ್ದನ್ನೇ ಕೇಳಿಸಿಕೊಳ್ಳುವುದು ಗುಡ್ಡಕ್ಕೆ ಹೋಗುವವರ ಚಟ ಮಾತ್ರ ಅಂದುಕೊಳ್ಳಬೇಡಿ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಸುಮಾರು ಅದೇ ಹೊತ್ತಿಗೆ ಕಾಲಜ್ಞಾನಿಗಳೆಂಬ ಪಂಥದವರು ಅವರನ್ನು ಹುಡುಕಿಕೊಂಡು ಬಂದರು. ತಮ್ಮ ಕಾಲಜ್ಞಾನ ಹೇಳಿದ್ದು ಈ ಪರದೇಶಿ ಗುರುಗಳನ್ನೇ ಇರಬೇಕೆಂದು ಅವರ ಎಣಿಕೆ. ಪಾದ್ರಿಗಳ ಎಣಿಕೆಯೂ ಸಣ್ಣದಲ್ಲ: ಸಾವಿರಾರು ಜನ ಒಮ್ಮೆಗೇ ಸಭೆ ಸೇರುತ್ತಾರೆಂದು ನಂಬಿ, ಗದಗಿನ ಬಳಿ ಮಲ್ಲಸಮುದ್ರದಲ್ಲಿ ಅವರಿಗಾಗಿ ಒಂದು ವಸಾಹತನ್ನೇ ಹೂಡಿದರು. ಆ ಸಾವಿರಾರು ಜನ ಬರಲಿಲ್ಲ. ಇದರಲ್ಲಿ ಠಕ್ಕರನ್ನು ಹುಡುಕುವ ಅಗತ್ಯವಿಲ್ಲ. ಕಾಯುತ್ತಿದ್ದವರ ಎದುರಿಗೆ ಕಾಯುತ್ತಿದ್ದವರೇ ಬಂದು ನಿಂತಿದ್ದರು. ಓದು ಬರಹ ಬಲ್ಲವರು ಇಂಥದಕ್ಕೆ ಬೀಳುವುದಿಲ್ಲ ಎನ್ನುವವರು ಆ ಪಾದ್ರಿಗಳು ಎಷ್ಟು ಓದಿದ್ದರೆಂದು ನೆನೆಯಬೇಕು. ಅತ್ತ ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನ ಬರವಿಗಾಗಿ ಕಾದು ಕುಳಿತರು. ಎಂದಿನಂತೆ ಬೆಳಗಾಯಿತು. ಕೆಲವರು ನಂಬಿಕೆ ಬಿಟ್ಟರು, ಕೆಲವರು ಲೆಕ್ಕವನ್ನೇ ಹೊಸದಾಗಿ ಕೂಡಿದರು.

ಈಗಿನ ಕಾಲಜ್ಞಾನ ವಾಟ್ಸಾಪಿನಲ್ಲಿ ಬರುತ್ತದೆ. ಕೋವಿಡ್ ಲಸಿಕೆಯೇ ಬೈಬಲ್ಲಿನ ಪ್ರಕಟನೆ ಗ್ರಂಥದ 666ರ ಮುದ್ರೆ ಎಂಬ ಸುದ್ದಿ ದೇಶದೇಶ ಸುತ್ತಿತು. ಮಿಜೋರಾಮಿನಲ್ಲಿ ಕೆಲವರು ಆಧಾರ್ ಕಾರ್ಡನ್ನೇ ಆ ಮುದ್ರೆಯೆಂದು ದೂರವಿಟ್ಟರು. ಮತ್ತೆ ಮತ್ತೆ ಕೇಳಿದ ಮಾತು ನಿಜವೆನಿಸುತ್ತದೆಂದು ಮನೋವಿಜ್ಞಾನಿಗಳು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಇನ್ನು ಕ್ರೈಸ್ತ ಸಭೆಗಳಲ್ಲಿ ಉಪವಾಸ ಪ್ರಾರ್ಥನೆಯ ಮೂರನೆಯ ತಾಸು, ಕೀಬೋರ್ಡಿನ ಒಂದೇ ರಾಗ, ಸುತ್ತಲಿನವರೆಲ್ಲ ಅಳುತ್ತಿರುವಾಗ ವೇದಿಕೆಯಿಂದ ಪ್ರವಾದನೆ: ಇಲ್ಲೊಬ್ಬರಿಗೆ ಮೊಣಕಾಲು ನೋವಿದೆ! ಐವತ್ತು ದಾಟಿದ ಇಪ್ಪತ್ತು ಮಂದಿ ಸೇರಿದ ಕಡೆ ಮೊಣಕಾಲು ನೋವು ಇಲ್ಲದಿರುತ್ತದೆಯೇ? ಕೈ ಎತ್ತುವ ಗಳಿಗೆಯಲ್ಲಿ ಮಾತ್ರ ಅದು ಹೊಳೆಯುವುದಿಲ್ಲ.

ಭಕ್ತಿಯನ್ನು ಹಂಗಿಸುತ್ತಿಲ್ಲ. ಪರೀಕ್ಷಿಸಿ ನೋಡುವುದೇ ಅವಿಶ್ವಾಸ ಎನ್ನುವ ಸಭಾಪಾಲಕರ ಮೇಲೆ ನನ್ನ ತಕರಾರು. ಬೈಬಲ್ಲಿನಲ್ಲೇ ಬೆರೋಯದವರು ಪೌಲನ ಮಾತನ್ನೂ ದಿನಾಲು ಶಾಸ್ತ್ರ ತೆರೆದು ತಾಳೆ ನೋಡಿದರು. ಅದಕ್ಕೆ ಅವರಿಗೆ ಸಿಕ್ಕಿದ್ದು ಹೊಗಳಿಕೆ, ಬಹಿಷ್ಕಾರವಲ್ಲ. ಪ್ರವಾದಿಯ ಮಾತು ನೆರವೇರಿತೋ ಇಲ್ಲವೋ ನೋಡಿ ಎಂಬ ಅಳತೆಗೋಲು ಧರ್ಮೋಪದೇಶಕಾಂಡದಲ್ಲೇ ಇದೆ. ಹಾಗಾಗಿ ಸಭೆಗೆ ಹೋಗುವಾಗ ಬೈಬಲ್ಲಿನ ಜೊತೆ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಒಯ್ಯಿರಿ. ಪ್ರವಾದನೆ ಹೇಳಿದವರ ಹೆಸರು, ತಾರೀಖು, ಹೇಳಿದ ಮಾತು ಇದ್ದದ್ದು ಇದ್ದಂತೆ ಬರೆದುಕೊಳ್ಳಿ. ವರ್ಷ ತುಂಬಿದ ಮೇಲೆ ತೆರೆದು ನೋಡಿ, ಪಾಸ್ಟರಿಗೂ ತೋರಿಸಿ.