ಮಾಡುವುದೂ ಮಾಡಿಸುವುದೂ

ವ್ಯಾಕರಣದ ಪಾಠದಲ್ಲಿ ಹುಡುಗರಿಗೆ ಆಕಳಿಕೆ ತರಿಸುವ ಪ್ರಕರಣಗಳಲ್ಲಿ ಪ್ರೇರಣಾರ್ಥಕವೂ ಒಂದು. ‘ಮಾಡು’ ಎಂಬುದಕ್ಕೆ ‘ಇಸು’ ಸೇರಿ ‘ಮಾಡಿಸು’ ಎಂದಾಗುವುದು. ಸಂಸ್ಕೃತದಲ್ಲಿ ‘ಕರೋತಿ’ ಎಂಬುದು ‘ಕಾರಯತಿ’ ಎಂದಾಗುವುದು. ಕೈಯಿಂದ ಕೆಲಸ ಮಾಡಿದವನು ಪ್ರಯೋಜ್ಯ ಕರ್ತೃ, ಅವನಿಂದ ಮಾಡಿಸಿದವನು ಪ್ರಯೋಜಕ ಕರ್ತೃ. ಇಬ್ಬರಿಗೂ ಕರ್ತೃವೆಂಬ ಹೆಸರು ತಪ್ಪದು. ಇದನ್ನು ನಾವು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸಿದೆವು. ಆದರೆ ಆ ಮಾತಿನ ತೂಕ ನಮಗೆ ತಿಳಿದುದು ವೃತ್ತಿಯಿಂದ ಬಿಡುಗಡೆ ಹೊಂದಿದ ತರುವಾಯ, ರಾಯಚೂರಿನಲ್ಲಿ ನಮ್ಮ ಕಿರಿಯ ಮಗನು ಇಟ್ಟುಕೊಂಡಿರುವ ಫೋಟೋ ಅಂಗಡಿಯಲ್ಲಿ.

ಅವನ ಉದ್ಯೋಗದ ಮುಖ್ಯಭಾಗ ಮದುವೆಯ ಚಿತ್ರಗಳು. ಪಶ್ಚಿಮದಲ್ಲಿ ಕೃಷ್ಣೆಯ ಕಡೆಗೆ ದೇವದುರ್ಗ, ನೈರುತ್ಯದಲ್ಲಿ ತುಂಗಭದ್ರೆಯ ಕಡೆಗೆ ಮಾನ್ವಿ. ವೈಶಾಖ ಬಂದಿತೆಂದರೆ ಈ ಎರಡು ದಿಕ್ಕಿನ ಹಳ್ಳಿಗಳಲ್ಲಿ ಅವನ ಮೋಟಾರು ಸೈಕಲ್ಲಿನ ಗಾಲಿಗೆ ಬಿಡುವಿಲ್ಲ. ನಮ್ಮ ಕಾಲದಲ್ಲಿ ಒಂದು ಸುರುಳಿಗೆ ಮೂವತ್ತಾರು ಚಿತ್ರಗಳಾದ್ದರಿಂದ ಫೋಟೋದವನು ಲೆಕ್ಕ ಹಾಕಿ ಗುಂಡಿ ಒತ್ತುತ್ತಿದ್ದನು. ಈಗ ಒಂದು ಮದುವೆಗೆ ಮೂರು ಸಾವಿರ ಚಿತ್ರಗಳಾದರೂ ಹೆಚ್ಚಲ್ಲ. ಅವುಗಳಲ್ಲಿ ಮುನ್ನೂರನ್ನು ಆಯ್ದು, ಬಣ್ಣ ತಿದ್ದಿ, ಪುಟಪುಟವಾಗಿ ಜೋಡಿಸಬೇಕು. ನಡುವೆ ಮೊಬೈಲಿನಲ್ಲಿ ‘ದರವೆಷ್ಟು’, ‘ಆಲ್ಬಮ್ ಎಂದು ಬರುವುದು’ ಎಂಬ ಪ್ರಶ್ನೆಗಳ ಮಳೆ. ಮುಂಗಡದ ಲೆಕ್ಕ, ಬಿಲ್ಲು, ತೆರಿಗೆ ಬೇರೆ. ರಾತ್ರಿ ಎರಡಕ್ಕೆ ಮುಂಚೆ ಅವನ ಕೋಣೆಯ ದೀಪ ಆರಿದ್ದನ್ನು ನಾವು ಕಂಡಿರಲಿಲ್ಲ. ಶಾಲೆಯಲ್ಲಿ ‘ನನ್ನ ಅಪ್ಪ’ ಎಂಬ ಚಿತ್ರ ಬರೆಯ ಹೇಳಿದಾಗ ನಮ್ಮ ಮೊಮ್ಮಗಳು ಹೊದಿಕೆ ಹೊದ್ದು ಮಲಗಿದ ಮನುಷ್ಯನೊಬ್ಬನನ್ನು ಬರೆದಳು. ಮನೆಯವರೆಲ್ಲ ನಕ್ಕರು, ಸೊಸೆ ನಗಲಿಲ್ಲ.

2022ರ ದೀಪಾವಳಿಯ ಹೊತ್ತಿಗೆ ಅವನು ಒಬ್ಬ ‘ವರ್ಚುವಲ್ ಅಸಿಸ್ಟೆಂಟ್’ ಅನ್ನು ಗೊತ್ತುಮಾಡಿಕೊಂಡನು. ಈ ಹೆಸರು ಈಗ ಎರಡಕ್ಕೆ ನಡೆಯುವುದು: ಕೇಳಿದ್ದಕ್ಕೆ ಉತ್ತರ ಕೊಡುವ ಯಂತ್ರಬುದ್ಧಿಗೂ ಉಂಟು, ದೂರದ ಊರಿನಲ್ಲಿ ತನ್ನ ಮನೆಯಲ್ಲಿಯೇ ಕುಳಿತು ಇನ್ನೊಬ್ಬರ ಕಚೇರಿಯ ಕೆಲಸ ಮಾಡುವ ಮನುಷ್ಯರಿಗೂ ಉಂಟು. ನಮ್ಮ ಮಗನಿಗೆ ದೊರೆತವಳು ಮನುಷ್ಯಳೇ. ಧಾರವಾಡದ ಒಬ್ಬ ಪದವೀಧರೆ, ಚಿಕ್ಕ ಮಗುವಿನ ತಾಯಿ. ಆಕೆ ನಮ್ಮ ಅಂಗಡಿಯನ್ನು ನೋಡಿಲ್ಲ, ನಾವು ಆಕೆಯನ್ನು ನೋಡಿಲ್ಲ. ಅಶರೀರವಾಣಿಯನ್ನು ಪುರಾಣದಲ್ಲಿ ಓದಿದ್ದ ನಮಗೆ ಅಶರೀರ ಗುಮಾಸ್ತೆಯ ಪರಿಚಯ ಹೀಗಾಯಿತು. ಮಗನು ಚಿತ್ರಗಳನ್ನು ‘ಕ್ಲೌಡ್’ ಎಂಬಲ್ಲಿ ಏರಿಸುವನು; ಆಕೆ ಅಲ್ಲಿಂದ ಇಳಿಸಿಕೊಳ್ಳುವಳು. ಕ್ಲೌಡ್ ಎಂದರೆ ಮೇಘವೆಂದು ತಿಳಿದಾಗ ನಮಗೆ ಕಾಳಿದಾಸನು ನೆನಪಾದನು. ಆ ಮಾತಿಗೆ ಮುಂದೆ ಬರುವೆವು.

ಮೊದಲ ತಿಂಗಳುಗಳಲ್ಲಿ ನಗೆಪಾಟಲುಗಳೂ ಆದುವು. ನಮ್ಮ ಕಡೆ ಕೆಲವರು ‘ಮಾನ್ವಿ’ ಎಂದೂ ಕೆಲವರು ‘ಮಾನವಿ’ ಎಂದೂ ಬರೆಯುವರಷ್ಟೆ. ಆಕೆ ಅವನ್ನು ಎರಡು ಊರುಗಳೆಂದು ಬಗೆದು, ಒಂದೇ ದಿನ ಎರಡೂ ಕಡೆ ಕೆಲಸ ಒಪ್ಪಿಕೊಂಡಿರುವಿರಲ್ಲ ಎಂದು ಎಚ್ಚರಿಕೆಯ ಪತ್ರ ಕಳುಹಿದಳು. ಇನ್ನೊಮ್ಮೆ ಹೆಣ್ಣಿನ ಕಡೆಯವರು ‘ಬುಧವಾರ ರಾತ್ರಿ ನಾಲ್ಕಕ್ಕೆ ಮುಹೂರ್ತ’ ಎಂದರು. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಆದ್ದರಿಂದ ಅದು ಗಡಿಯಾರದ ಲೆಕ್ಕದಲ್ಲಿ ಗುರುವಾರದ ಬೆಳಗಿನ ಜಾವ. ಆಕೆಯ ಗಣಕಯಂತ್ರದ ಪಂಚಾಂಗಕ್ಕೆ ದಿನ ಹುಟ್ಟುವುದು ನಡುರಾತ್ರಿಗೆ. ನಮ್ಮ ಮಗನು ಬುಧವಾರ ನಸುಕಿಗೆ ಹೋಗಿ ನೋಡಿದರೆ ಹಂದರಕ್ಕೆ ಇನ್ನೂ ಗಳ ನೆಟ್ಟಿರಲಿಲ್ಲ.

ಇಷ್ಟಾದರೂ ಸತ್ಯವನ್ನು ಹೇಳಬೇಕು: ಮನೆಗೆ ನೆಮ್ಮದಿ ಬಂದಿತು. ದರ ಕೇಳಿದವರಿಗೆ ಅರ್ಧ ಗಂಟೆಯಲ್ಲಿ ವಿನಯದ ಉತ್ತರ ಹೋಗುತ್ತಿತ್ತು. ಬಾಕಿ ಹಣವನ್ನು ಕೇಳಲು ನಮ್ಮ ಮಗನಿಗೆ ಸಂಕೋಚ. ಆಕೆ ಗೌರವದಿಂದ ಕೇಳಿ ತರಿಸುತ್ತಿದ್ದಳು. ಅವನು ಹತ್ತಕ್ಕೆ ಊಟಕ್ಕೆ ಕೂಡುವಂತಾಯಿತು. ಪರರಿಂದ ಮಾಡಿಸುವುದು ಈ ವಿದ್ಯೆಗೆ ಹೊಸದೂ ಅಲ್ಲ. ರಾಯಚೂರು ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲದಲ್ಲಿ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಗೋಷಾ ಸ್ತ್ರೀಯರಿಗೆಂದೇ ಬೇರೆಯ ಚಿತ್ರಶಾಲೆಯನ್ನು ತೆರೆದರು. ತಾವು ಒಳಗೆ ಹೋಗುವಂತಿಲ್ಲ. ಆದುದರಿಂದ ಅದನ್ನು ಒಬ್ಬ ಆಂಗ್ಲ ಮಹಿಳೆಯ ವಶಕ್ಕೆ ಕೊಟ್ಟರು. ದೀನದಯಾಳರ ಹೆಸರಿನ ಚಿತ್ರಗಳಲ್ಲಿ ದೀನದಯಾಳರು ನೋಡದ ಮುಖಗಳೂ ಇದ್ದಿರಬೇಕು. ಆದರೆ ಆ ಮಹಿಳೆಯಾದರೂ ಚಿತ್ರಕ್ಕೆ ಕುಳಿತವರ ಎದುರಿಗಿದ್ದಳು. ಧಾರವಾಡದವಳಿಗೆ ಆ ಅನುಕೂಲವಿರಲಿಲ್ಲ.

2023ರ ಮೇ ತಿಂಗಳಲ್ಲಿ ದೇವದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಒಂದು ಮದುವೆ. ಬಿಸಿಲಿನಲ್ಲಿ ಕ್ಯಾಮರಾ ಮುಟ್ಟಿದರೆ ಕೈ ಸುಡುತ್ತಿತ್ತೆಂದು ಮಗನು ಹೇಳಿದನು. ಚಿತ್ರಗಳು ಎಂದಿನಂತೆ ಮೇಘವನ್ನೇರಿದುವು, ಆಲ್ಬಮ್ ಸಿದ್ಧವಾಯಿತು, ಮನೆಯವರು ಮೆಚ್ಚಿ ಬಾಕಿ ಹಣ ಕೊಟ್ಟರು. ಜುಲೈ ತಿಂಗಳ ಕೊನೆಗೆ ಆ ಮದುಮಗಳ ತಂದೆ ಅಂಗಡಿಗೆ ಬಂದನು. ಮಗನು ಊರಲ್ಲಿರಲಿಲ್ಲ, ನಾವು ಕುಳಿತಿದ್ದೆವು.

“ಮಾಸ್ತರ್ರೇ, ನಮ್ಮ ಮುತ್ಯಾ ಹೋಗಿಬಿಟ್ಟ್ರು. ದಿನಕ್ಕ ಪಟ ಇಡಬೇಕು. ಆಲ್ಬಮ್ಮಿನ್ಯಾಗ ಹುಡುಕಿದ್ವಿ, ಒಂದರಾಗೂ ಇಲ್ಲ. ಮದುವ್ಯಾಗ ಮುಂದೇ ಕುಂತಿದ್ರಲ್ರೀ!”

ಆಲ್ಬಮ್ ಮನೆಗೆ ಬಂದು ತಿಂಗಳು ಮೀರಿತ್ತು. ಮುತ್ಯಾ ಮನೆಯಲ್ಲಿ ಇರುವ ತನಕ ಅವರು ಪಟದಲ್ಲಿ ಇಲ್ಲವೆಂಬುದನ್ನು ಯಾರೂ ಗಮನಿಸಿರಲಿಲ್ಲ. ಈಗ ಮನೆಯಲ್ಲಿ ಉಳಿದಿದ್ದುದು ಆಧಾರ್ ಚೀಟಿಯ ಮೇಲಿನ ಹೆಬ್ಬೆರಳಿನಷ್ಟು ಚಿತ್ರವೊಂದೇ. ನಾವು ಧಾರವಾಡಕ್ಕೆ ಫೋನು ಮಾಡಿ, ಆಯ್ಕೆಯಾಗದೆ ಉಳಿದ ಚಿತ್ರಗಳನ್ನು ಹುಡುಕ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರವತ್ತು ದಿನ ಆದಮ್ಯಾಲೆ ಉಳಿದಿದ್ದು ಅಳಿಸು ಅಂತ ಸರ್ ಹೇಳಿದ್ರಿ. ಅಳಿಸೇನ್ರಿ” ಎಂದಳು. ಮತ್ತೆ ತಾನಾಗಿಯೇ, “ಆ ಅಜ್ಜಾರಿಗೆ ಕಣ್ಣು ಕಾಣಿಸ್ತಿದ್ದಿಲ್ಲೇನ್ರಿ?” ಎಂದು ಕೇಳಿದಳು.

ಕಾಣಿಸುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಅವರ ರೆಪ್ಪೆಗಳು ಮುಚ್ಚಿಯೇ ಇದ್ದುವು. ನಮ್ಮ ಮಗನು ಆಕೆಗೆ ಬರೆದುಕೊಟ್ಟ ನಿಯಮಗಳಲ್ಲಿ ಮೊದಲನೆಯದು ಇದು: ಕಣ್ಣು ಮುಚ್ಚಿದ ಚಿತ್ರಗಳನ್ನು ತೆಗೆದುಹಾಕತಕ್ಕದ್ದು. ಮೂರು ಸಾವಿರ ಚಿತ್ರಗಳಲ್ಲಿ ಮುಚ್ಚಿದ ಕಣ್ಣುಗಳನ್ನು ತಾನೇ ಹುಡುಕುತ್ತ ಕೂಡುವ ಬದಲು ಆಕೆ ಆ ಕೆಲಸವನ್ನು ಒಂದು ಯಂತ್ರಬುದ್ಧಿಗೆ ಒಪ್ಪಿಸಿದ್ದಳು. ಈಗ ಅಂಥವು ದೊರೆಯುವುವಂತೆ. ಅದು ತನ್ನ ಕೆಲಸವನ್ನು ಒಂದೂ ತಪ್ಪದೆ ಮಾಡಿತು.

ಮಗನು ಊರಿಗೆ ಬಂದವನೇ ಸಿಟ್ಟಾದನು. “ಆಕೆ ಒಂದ್ಸಲ ಕಣ್ಣು ತೆರೆದು ನೋಡಬಾರದಿತ್ತೇನಪ್ಪಾ?” ಎಂದನು. ಸಿಟ್ಟು ಸಹಜವಾದುದು, ಹಳೆಯದೂ ಆದುದು. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ಬೆಳಕಿಗೆ ಬಂದ ಮಸ್ಕಿ ನಮ್ಮ ಜಿಲ್ಲೆಯದೇ. ಆ ಸಾರ್ವಭೌಮನು ತನ್ನ ದೊಡ್ಡ ಬಂಡೆಯ ಶಾಸನಗಳ ಪೈಕಿ ಹದಿನಾಲ್ಕನೆಯದರಲ್ಲಿ, ಬರೆಹದಲ್ಲಿ ಎಲ್ಲಿಯಾದರೂ ಕೊರತೆ ಕಂಡರೆ ಲಿಪಿಕಾರನ ತಪ್ಪೂ ಅದಕ್ಕೆ ಕಾರಣವಾಗಿರಬಹುದೆಂದು ಹೇಳಿಸಿದ್ದಾನೆ. ಆ ವಾಕ್ಯವನ್ನು ಕೊರೆದವನೂ ಒಬ್ಬ ಲಿಪಿಕಾರನೇ ಅಲ್ಲವೇ? ಉಳಿಯ ಮೇಲೆ ಏಟು ಹಾಕುತ್ತ ಅವನ ಮನಸ್ಸಿನಲ್ಲಿ ಏನಿತ್ತೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದುಂಟು.

ಮಗನಿಗೆ ನಾವು ವ್ಯಾಕರಣವನ್ನೇ ಹೇಳಿದೆವು. ನಮಗೆ ಬೇರೆ ಏನು ಬರುವುದು? ರಾಮನು ದೇವದತ್ತನಿಂದ ಮಾಡಿಸಿದರೆ ‘ಕಾರಯತಿ’. ದೇವದತ್ತನು ಯಜ್ಞದತ್ತನಿಂದ ಮಾಡಿಸುವಂತೆ ರಾಮನೇ ಮಾಡಿದರೆ? ಪ್ರೇರಣೆಯ ಪ್ರತ್ಯಯದ ಮೇಲೆ ಮತ್ತೊಂದು ಪ್ರೇರಣೆಯ ಪ್ರತ್ಯಯ ಬಂದಾಗ ಪಾಣಿನಿಯ ವಿಧಿಯಂತೆ ಮೊದಲನೆಯದು ಲೋಪವಾಗಿ ಆಗಲೂ ಉಳಿಯುವುದು ‘ಕಾರಯತಿ’ ಎಂಬ ಅದೇ ರೂಪ. ನಡುವೆ ಎಷ್ಟು ಮಂದಿ ಇದ್ದರೆಂಬುದು ಕ್ರಿಯಾಪದದಲ್ಲಿ ಕಾಣದು. ಹಳ್ಳಿಯ ಆ ಗೃಹಸ್ಥನಿಗೆ ಧಾರವಾಡವೂ ಗೊತ್ತಿಲ್ಲ, ಯಂತ್ರಬುದ್ಧಿಯೂ ಗೊತ್ತಿಲ್ಲ; ಅವನು ಮುಂಗಡ ಕೊಟ್ಟದ್ದು ನಿನಗೆ, ಎಂದೆವು. ಮಗನು ಉತ್ತರ ಕೊಡಲಿಲ್ಲ. ಆದರೆ ಅಂದು ಸಂಜೆ ಆಕೆಗೆ ಬೈದು ಬರೆದಿಟ್ಟಿದ್ದ ಪತ್ರವನ್ನು ಕಳುಹಲಿಲ್ಲವೆಂದು ಸೊಸೆಯಿಂದ ತಿಳಿಯಿತು.

ಚಿತ್ರಗಳು ದೊರೆತುದು ಪುಣ್ಯವೆಂದೇ ಹೇಳಬೇಕು. ಮದುವೆಗಳಿಗೆ ಮಗನ ಸಂಗಡ ದೀಪ ಹಿಡಿಯಲು ಬರುವ ಹುಡುಗನ ಕೈಯಲ್ಲಿ ಎರಡನೆಯದೊಂದು ಕ್ಯಾಮರಾ ಇರುತ್ತಿತ್ತು. ಅವನು ಆ ತಿಂಗಳು ಹೊಸ ಮೆಮೊರಿ ಕಾರ್ಡು ಕೊಂಡು, ಹಳೆಯದನ್ನು ಅಳಿಸದೆ ಪೆಟ್ಟಿಗೆಯ ಮೂಲೆಯಲ್ಲಿ ಹಾಕಿ ಮರೆತಿದ್ದನು. ಅದರಲ್ಲಿ ಮುತ್ಯಾ ಇದ್ದ ಹದಿನಾಲ್ಕು ಚಿತ್ರಗಳು. ಹೆಚ್ಚಿನವು ಅಲುಗಿದಂಥವು, ತಲೆ ಕತ್ತರಿಸಿದಂಥವು. ಒಂದರಲ್ಲಿ ಮಾತ್ರ, ಅಕ್ಕಿಕಾಳು ಬಿದ್ದ ಬಳಿಕ, ಮದುಮಗಳು ಬಗ್ಗಿ ಕುಳಿತಿರುವಳು. ಮುದುಕರು ಎರಡೂ ಕೈಗಳಿಂದ ಆಕೆಯ ಹಣೆಯ ಬಾಸಿಂಗವನ್ನು ಮುಟ್ಟಿ ನೋಡುತ್ತಿರುವರು. ಮುಖದಲ್ಲಿ ನಗೆ. ಕಣ್ಣು ಮುಚ್ಚಿಯೇ ಇವೆ. ಅದೇ ಪಟಕ್ಕೆ ಚೌಕಟ್ಟು ಹಾಕಿ, ಹಣ ತೆಗೆದುಕೊಳ್ಳದೆ, ಮಗನು ತಾನೇ ಹಳ್ಳಿಗೆ ಹೋಗಿ ಕೊಟ್ಟು ಬಂದನು. ಒಂದು ಪ್ರತಿಯನ್ನು ಧಾರವಾಡಕ್ಕೂ ಕಳುಹಿದನು.

ಇನ್ನು ಕಾಳಿದಾಸನ ಮಾತು. ತನ್ನ ಕೆಲಸವನ್ನು ಮೇಘಕ್ಕೆ ಒಪ್ಪಿಸಿದವರಲ್ಲಿ ಆ ಯಕ್ಷನೇ ಮೊದಲಿಗನಿರಬೇಕು. ಅವನ ಸಂದೇಶವೆಷ್ಟು? ಕಾವ್ಯದ ಕೊನೆಯ ಕೆಲವು ಶ್ಲೋಕಗಳು ಮಾತ್ರ. ಮಿಕ್ಕುದೆಲ್ಲ ದಾರಿಯ ವಿವರ, ಅಲಕಾಪುರಿಯ ವಿವರ, ಮನೆಯ ಗುರುತು: ಅಂಗಳದಲ್ಲಿ ಹೆಂಡತಿ ಸಾಕಿದ ಮಂದಾರದ ಗಿಡ, ಬಾಗಿಲ ಪಕ್ಕದಲ್ಲಿ ಬರೆದ ಶಂಖ ಪದ್ಮಗಳು. ಆಮೇಲೆ, ವಿರಹದಿಂದ ಬಾಡಿದ ಆಕೆ ಹೇಗೆ ಕಾಣುವಳೆಂಬುದು. ಸಂದೇಶ ಹೇಳುವ ಮೊದಲು ಯಾರಿಗೆ ಹೇಳಬೇಕೆಂಬುದನ್ನು ಮನದಟ್ಟು ಮಾಡಿದನು. ನಮ್ಮ ಮಗನು ಮೂರು ಸಾವಿರ ಮುಖಗಳನ್ನು ಮೇಘಕ್ಕೆ ಕೊಟ್ಟು ಒಂದರ ಗುರುತನ್ನೂ ಹೇಳಿರಲಿಲ್ಲ.

ಆ ಕೊರತೆಯನ್ನು ತುಂಬುವ ಕೆಲಸ ನಮ್ಮ ಪಾಲಿಗೆ ಬಂದಿತು. ಈಗ ಮದುವೆಯ ಹಿಂದಿನ ದಿನವೇ ನಾವು ಒಂದು ವಹಿಯನ್ನು ಹಿಡಿದು ಆ ಮನೆಗೆ ಹೋಗುತ್ತೇವೆ. ಸುರಗಿಯ ಗಡಿಬಿಡಿಯಲ್ಲಿಯೂ ಮನೆಯ ಹಿರಿಯ ಹೆಂಗಸರು ನಮಗೆ ಸಮಯ ಕೊಡುವರು; ಗಂಡಸರನ್ನು ಕೇಳಿ ಪ್ರಯೋಜನವಿಲ್ಲವೆಂಬುದನ್ನು ಎರಡನೆಯ ಮದುವೆಗೇ ಕಲಿತೆವು. ಯಾರು ಸಾಕಿದವರು, ಯಾರಿಗೂ ಯಾರಿಗೂ ಮಾತಿಲ್ಲ, ಯಾವ ಸೋದರಮಾವ ಜಮೀನು ಒತ್ತೆಯಿಟ್ಟು ಹಣ ತಂದವನು, ಯಾವ ವಿಧವೆ ಅತ್ತೆ ಕಂಬದ ಹಿಂದೆ ನಿಲ್ಲುವವಳು, ಎಲ್ಲವನ್ನೂ ಬರೆದುಕೊಳ್ಳುತ್ತೇವೆ. ಅದರಲ್ಲಿ ಹೇಳಬಹುದಾದಷ್ಟು ಮಾತ್ರ, ಪಟಗಳ ಜೊತೆಗೆ, ಧಾರವಾಡಕ್ಕೆ ಹೋಗುವುದು. ಮನೆಯ ಗುಟ್ಟು ವಹಿಯಲ್ಲಿಯೇ ಉಳಿಯುವುದು. ಕಣ್ಣು ಮುಚ್ಚಿದ ಚಿತ್ರಗಳನ್ನು ಆಕೆ ಈಗ ಬೇರೆ ಇಡುವಳು, ಮಗನು ತಾನೇ ನೋಡುವನು. ಅಳಿಸುವ ಮೊದಲು ಮನೆಯವರನ್ನು ಒಂದು ಮಾತು ಕೇಳುವುದೂ ರೂಢಿಯಾಗಿದೆ. ಇದರಿಂದ ಅವನ ಊಟ ಹತ್ತರಿಂದ ಹತ್ತೂವರೆಗೆ ಸರಿದಿದೆ. ಸೊಸೆ ಸಹಿಸಿಕೊಂಡಿದ್ದಾಳೆ.

2024ರ ಫೆಬ್ರವರಿಯಲ್ಲಿ ಮಾನ್ವಿಯಲ್ಲಿ ಒಂದು ದೊಡ್ಡ ಮದುವೆ ನಡೆಯಿತು. ಎರಡೂ ಕಡೆಯ ಬೀಗರು ಸೇರಿ ವಹಿಯ ಹನ್ನೊಂದು ಪುಟ ತುಂಬಿದುವು. ನಾಲ್ಕು ದಿನಗಳ ಮೇಲೆ ಧಾರವಾಡದಿಂದ ಮಗನ ಮೊಬೈಲಿಗೆ ಸಂದೇಶ ಬಂದಿತು. ಪಟ್ಟಿಯಲ್ಲಿದ್ದವರೆಲ್ಲ ದೊರೆತಿದ್ದಾರೆ, ಆದರೆ ಬಿಳಿಯ ಧೋತರ ಉಟ್ಟು, ಕೈಯಲ್ಲಿ ಒಂದು ವಹಿ ಹಿಡಿದ ಹಿರಿಯರೊಬ್ಬರು ಇಪ್ಪತ್ತೇಳು ಚಿತ್ರಗಳಲ್ಲಿ ಎಲ್ಲರ ಹಿಂದೆಯೂ ನಿಂತಿದ್ದಾರೆ. ಅವರ ಹೆಸರು ಪಟ್ಟಿಯಲ್ಲಿಲ್ಲ. ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ? ಇಡಬೇಕೋ ತೆಗೆಯಬೇಕೋ?

ಮಗನು ಮೊಬೈಲನ್ನು ನಮ್ಮ ಕೈಗೆ ಕೊಟ್ಟು, “ನೀವೇ ಉತ್ತರ ಬರೀರಪ್ಪಾ” ಎಂದು ಒಳಗೆ ಹೋದನು. ನಾವು ಕನ್ನಡಕ ಹಾಕಿಕೊಂಡು ಇಪ್ಪತ್ತೇಳನ್ನೂ ಒಂದೊಂದಾಗಿ ನೋಡಿದೆವು. ಹದಿನೆಂಟರಲ್ಲಿ ನಮ್ಮ ಕಣ್ಣೂ ಮುಚ್ಚಿದ್ದುವು.