ಕಬ್ಬಿನ ಕೊಡಿ

ಉಪ್ಪುಂದದಲ್ಲಿ ಬಸ್ಸಿನಿಂದ ಇಳಿದು ಹೆದ್ದಾರಿ ದಾಟುವ ಮೊದಲೇ ಚಂಡೆಯ ಸದ್ದು ಎದೆಗೆ ಬಡಿಯುತ್ತದೆ. ಗೋಳಿಬಜೆ ಕರಿಯುವ ವಾಸನೆ, ಅದರ ಬೆನ್ನಿಗೇ ಪಡುವಣದ ಉಪ್ಪುಗಾಳಿ. ಇಂದು ದುರ್ಗಾಪರಮೇಶ್ವರಿಯ ತೇರು. ಊರವರ ಬಾಯಲ್ಲಿ ಕೊಡಿ ಹಬ್ಬ.

ಬಳೆ ಅಂಗಡಿ, ಬತ್ತಾಸಿನ ಗುಡ್ಡೆ, ಪೀಪಿ ಊದುವ ಮಕ್ಕಳನ್ನು ದಾಟಿದರೆ ಕಬ್ಬಿನ ರಾಶಿ. "ಹ್ವಾಯ್, ಒಂದ್ ಜಲ್ಲೆ ತಕಣಿ!" ಕೊಡಿ ಎಂದರೆ ಚಿಗುರು. ಹೊಸದಾಗಿ ಮದುವೆಯಾದವರು ಕೊಡಿ ಹಬ್ಬದಿಂದ ಕಬ್ಬು ಒಯ್ದರೆ ಮನೆತನ ಚಿಗುರುತ್ತದೆ ಎನ್ನುವುದು ಕೋಟೇಶ್ವರದ ಸುತ್ತಿನ ಈ ಸೀಮೆಯ ನಂಬಿಕೆ.

ನಿಮ್ಮ ಪಕ್ಕದಲ್ಲೇ ಎಳೆಯ ಜೋಡಿಯೊಂದು ಜಲ್ಲೆ ಆರಿಸುತ್ತಿದೆ. ನಾಲ್ಕು ಹೆಜ್ಜೆ ಹಿಂದೆ, ಗೋಡೆಗೆ ಒತ್ತಿಕೊಂಡು ಹುಡುಗನ ತಾಯಿ. ಹಣೆ ಖಾಲಿ. "ಏಳ್ ವರ್ಷ ಆಯ್ತ್, ತೇರಿಗೆ ಬಾರ್ದೆ" ಎಂದು ಯಾರೋ ಪಿಸುಗುಡುತ್ತಾರೆ. ಯಜಮಾನರು ಮಳೆಗಾಲದ ಕಡಲಿಗೆ ಹೋದವರು, ಬರಲಿಲ್ಲ.

ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನ ನಿಷೇಧ. ಆಗ ನೀರಿಗಿಳಿಯುವುದು ನಾಡದೋಣಿ, ಉಬ್ಬರಿಸಿದ ಅಲೆಗಳ ಎದುರಿಗೆ. 2023ರ ಜುಲೈ ಕೊನೆಗೂ ಇದೇ ಉಪ್ಪುಂದದ ಕಡಲಲ್ಲಿ ದೋಣಿ ಮಗುಚಿ ಇಬ್ಬರು ನೀರುಪಾಲಾದರು. ಅಲೆ ಇಳಿದ ಮೇಲೂ ಅಂಥ ಮನೆಗಳಲ್ಲಿ ಮಳೆಗಾಲ ಮುಗಿಯುವುದಿಲ್ಲ.

"ಇದನ್ನ್ ನೆಟ್ರೆ ಬತ್ತಾ?" ಸೊಸೆ ಕೇಳುತ್ತಾಳೆ.

"ಬತ್ತ್. ಗಂಟ್ ಇದ್ರೆ ಸಾಕ್. ಕಡ್ದ್ ತುಂಡೇ ಅಲ್ದಾ ನೆಡೂದ್!" ಅಂಗಡಿಯವ ನಗುತ್ತಾನೆ.

ಗೋಡೆಯ ಬದಿಯ ಕಣ್ಣು ತಟ್ಟನೆ ಮೇಲೇಳುತ್ತದೆ. ಸೊಸೆ ಜಲ್ಲೆಯನ್ನು ಎತ್ತಿ ಅಲ್ಲಿಗೇ ನಡೆಯುತ್ತಾಳೆ. "ಅತ್ತೆ, ಇದ್ನ್ ನೀವೇ ಹಿಡ್ಕಣಿ."

"ನಾನ್ ಎಂತಕ್ಕ್ ಹೆಣೆ? ನೀವಿಬ್ರೇ ಹಿಡ್ಕಣಿ."

"ನೀವ್ ಹಿಡ್ದ್ರೇ ಮನೆಗ್ ಹೋಪುದ್."

ಅಷ್ಟರಲ್ಲಿ ಹಗ್ಗ ಬಿಗಿಯುತ್ತದೆ. ದೋಣಿ ಎಳೆದು ಕಾಯಿಕಟ್ಟಿದ ನೂರಾರು ಅಂಗೈ, ಒಂದೇ ಕೂಗು. ತೇರು ಕಿರುಗುಟ್ಟಿ ಅಲುಗುತ್ತದೆ. ತಾಯಿ ಕೈ ಮುಗಿಯಲು ಹೋಗುತ್ತಾರೆ, ಕೈಯಲ್ಲಿ ಕಬ್ಬು. ಜಲ್ಲೆಯನ್ನೇ ಎದೆಗವಚಿ ಕಣ್ಣು ಮುಚ್ಚುತ್ತಾರೆ. ತೆರೆದಾಗ ಕೆನ್ನೆ ಒದ್ದೆ. ತುಟಿಯಲ್ಲಿ ಮಾತ್ರ, ನಿಮಗೂ ಕಾಣುವಷ್ಟು, ನಗು.

ಸಂದಣಿ ಮೂವರನ್ನೂ ಮುಚ್ಚಿಬಿಡುತ್ತದೆ. ನೀವು ಹುಡುಕುತ್ತೀರಿ. ತಲೆಗಳ ಮೇಲೆ ಹಸಿರು ಗರಿಯೊಂದು ತೊನೆಯುತ್ತಾ ಪಡುವಣಕ್ಕೆ, ಕಡಲಿನ ದಿಕ್ಕಿಗೆ ಹೋಗುತ್ತಿದೆ.