ದುರ್ಗದ ದಾರಿಯಲ್ಲಿ ವಿದ್ಯುತ್ ಕಾರು

ಕಳೆದ ಬೇಸಿಗೆಯಲ್ಲಿ, ಚಿತ್ರದುರ್ಗದಲ್ಲಿ ಅಸ್ವಸ್ಥರಾಗಿದ್ದ ಸಹಪಾಠಿಯೊಬ್ಬರನ್ನು ಕಾಣಲು ಬೆಂಗಳೂರಿನಿಂದ ಶಿಷ್ಯರೊಬ್ಬರ ವಿದ್ಯುತ್ ಕಾರಿನಲ್ಲಿ ಹೊರಟೆವು. ಅದರದು 30 ಯೂನಿಟ್ ಹಿಡಿಯುವ ಬ್ಯಾಟರಿ. ಒಮ್ಮೆ ತುಂಬಿದರೆ 312 ಕಿ.ಮೀ. ಓಡುವುದೆಂದು ಪರೀಕ್ಷೆಯ ಲೆಕ್ಕ. ದಾರಿಯೋ ಸುಮಾರು 200 ಕಿ.ಮೀ. ಚಿಂತೆಯೇಕೆ ಎಂದುಕೊಂಡೆವು.

ಹೆದ್ದಾರಿಯ ವೇಗವೂ ಬಿಸಿಲಿಗೆ ಹಾಕಿದ ಎ.ಸಿ.ಯೂ ಆ ಲೆಕ್ಕವನ್ನು ತಿದ್ದಿದವು. ತುಮಕೂರು ದಾಟಿ ಶಿರಾ ಸೇರುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಮುಗಿದಿತ್ತು. ಮೊದಲ ಚಾರ್ಜಿಂಗ್ ಕೇಂದ್ರ ಕೆಟ್ಟುನಿಂತಿತ್ತು, ಎರಡನೆಯದರಲ್ಲಿ ಸರದಿಯಿತ್ತು. ಅತ್ತ ರೋಗಿಯ ಕಣ್ಣು ಬಾಗಿಲ ಮೇಲೆ, ಇತ್ತ ನಾವು ಬೇವಿನ ನೆರಳಲ್ಲಿ. ಸರದಿ ಬಂದ ಮೇಲೆ ಮುಕ್ಕಾಲು ಗಂಟೆಯಲ್ಲಿ ಶೇ. 80ರಷ್ಟು ತುಂಬಿತು. ಅಲ್ಲಿಂದಾಚೆಗೆ ತುಂಬುವ ವೇಗ ಕುಗ್ಗುವುದರಿಂದ ಕಾಯದೆ ಹೊರಟೆವು. ಗೆಳೆಯರು ನಮ್ಮ ಕೈ ಹಿಡಿದಾಗ ದೀಪ ಹಚ್ಚುವ ಹೊತ್ತು.

ಆ ರಾತ್ರಿ ಅವರ ಮನೆಯಲ್ಲಿ, ಅರ್ಥಿಂಗ್ ಸರಿಯಿದ್ದ 15 ಆಂಪಿಯರ್ ಸಾಕೆಟ್ಟಿಗೆ ಕಾರನ್ನು ಜೋಡಿಸಿದೆವು. ಗಂಟೆಗೆ ಸುಮಾರು 3 ಯೂನಿಟ್ಟಿನಂತೆ ಬೆಳಗಾಗುವುದರೊಳಗೆ ತುಂಬಿತು. ಬರಿದಾದ ಬ್ಯಾಟರಿಯಾದರೆ ಹತ್ತು ಗಂಟೆ ಬೇಕು. ನಿತ್ಯ 30–40 ಕಿ.ಮೀ. ಓಡಾಡುವ ಸಂಸಾರಕ್ಕೆ ರಾತ್ರಿಯ ಎರಡು ಮೂರು ಗಂಟೆ ಸಾಕು.

ಮರುದಿನ ಕೋಟೆ ಏರಿ, ಮಳೆನೀರು ಕೂಡಿಡುತ್ತಿದ್ದ ಹೊಂಡಗಳನ್ನು ಕಂಡೆವು. ಬರಗಾಲವನ್ನು ಎಣಿಸಿಯೇ ಹಿರಿಯರು ನೀರು ತುಂಬಿದರು. ಗೃಹಸ್ಥರೂ ಕಾಗದದ ದೂರದಲ್ಲಿ ಮೂರನೆಯ ಒಂದು ಪಾಲು ಕಳೆದು, ದೂರದ ಪಯಣಕ್ಕೆ ಎರಡು ಗಂಟೆ ಮೊದಲೇ ಹೊರಡಲಿ. ಕಾಯುತ್ತಿರುವ ಜೀವಕ್ಕೆ ನಮ್ಮ ಲೆಕ್ಕದ ತಪ್ಪು ಹೊರೆಯಾಗಬಾರದು.